ಅಕ್ಟೋಬರ್ ಹಾಫ್ ಟರ್ಮ್: ಲಂಡನ್ನಿನಲ್ಲಿ ಚಿಕ್ಕ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರಿ?

ಬೇಸಿಗೆಯಲ್ಲಿ ಪಶ್ಚಿಮ ಲಂಡನ್ನಿನ ಹೌನ್ಸ್ಲೋಗೆ ಬಂದಿದ್ದೇವೆ. ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಮೂರು. ಅಕ್ಟೋಬರ್ ಕೊನೆಯ ವಾರ ಸ್ಕೂಲಿಗೆ ರಜೆ, ನಮಗಿದು ಮೊದಲನೇ ಹಾಫ್ ಟರ್ಮ್. ನಮ್ಮನೆಯವರಿಗೆ ಸಿಕ್ಕಿರೋದು ಎರಡೇ ದಿನ ರಜೆ, ಉಳಿದ ದಿನ ನಾನೊಬ್ಬಳೇ. ಅತ್ತೆ ಊರಿಂದ ಬಂದಿದ್ದಾರೆ, ಅವರಿಗೆ ಮಂಡಿನೋವು. ಕಾರಿಲ್ಲ. ದೊಡ್ಡ ದೊಡ್ಡ ಜಾಗಗಳ ಟಿಕೆಟ್ ರೇಟು ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಜಾಸ್ತಿ ಖರ್ಚಿಲ್ಲದೆ ಎಲ್ಲೆಲ್ಲಿ ಸುತ್ತಾಡಿಸಬಹುದು? ಹೋಗಿ ಬಂದವರು ಹೇಳಿ.

ಉತ್ತರ, ಹೌನ್ಸ್ಲೋದಿಂದಲೇ

ಟ್ಯೂಬಿನ, ಅಂದರೆ ಸುರಂಗ ರೈಲಿನ, ಪಿಕಡಿಲಿ ಲೈನ್ ಮನೆ ಹತ್ತಿರವೇ ಇದೆ ಅಂದ್ರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ. ಟ್ರೈನ್ ಬದಲಾಯಿಸದೆ ಹೋಗಬಹುದಾದ ಕಡೆಗಷ್ಟೇ ಹೋಗಿ, ದಿನಕ್ಕೆ ಒಂದೇ ಜಾಗ. ಒಂದು ಕೈಲಿ ಪ್ರಾಮ್, ಇನ್ನೊಂದರಲ್ಲಿ ಮಗಳು, ಹಿಂದೆ ಮಂಡಿ ಹಿಡ್ಕೊಂಡು ಅತ್ತೆ. ಈ ಮೆರವಣಿಗೆ ಗ್ರೀನ್ ಪಾರ್ಕಿನಲ್ಲಿ ಲೈನ್ ಬದಲಾಯಿಸಿ ಮುಗಿಸೋ ಹೊತ್ತಿಗೆ ಯಾರಾದ್ರೂ ಒಬ್ಬರು ಅತ್ತಿರ್ತಾರೆ. ಅದು ನೀವೂ ಆಗಿರಬಹುದು.

ಹತ್ತು ವರ್ಷದವರೆಗಿನ ಮಕ್ಕಳಿಗೆ ದೊಡ್ಡವರ ಜೊತೆ ಟ್ಯೂಬಲ್ಲೂ ಬಸ್ಸಲ್ಲೂ ಚಾರ್ಜಿಲ್ಲ. ಅಗಲದ ಗೇಟಲ್ಲಿ ನಿಮ್ಮ ಕಾರ್ಡ್ ಮುಟ್ಟಿಸಿ ಒಟ್ಟಿಗೆ ದಾಟಿಬಿಡಿ. ಅತ್ತೆಗೆ ಮಾತ್ರ ಬೇರೆ ಕಾರ್ಡ್ ಬೇಕು, ನಿಮ್ಮದನ್ನೇ ಎರಡು ಸಲ ಮುಟ್ಟಿಸಿದ್ರೆ ಆಗಲ್ಲ. ಬೆಳಿಗ್ಗೆ ಒಂಬತ್ತೂವರೆ ಕಳೆದ ಮೇಲೆ ಹೊರಟರೆ ಟಿಕೆಟ್ಟೂ ಕಡಿಮೆ, ಆಫೀಸಿನವರ ನೂಕುನುಗ್ಗಲೂ ಇಲ್ಲ.

ಎಲ್ಲರೂ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ ಅಂತಾರೆ. ಸರಿಯೇ, ಪ್ರವೇಶ ಉಚಿತ. ಆದ್ರೆ ಹಾಫ್ ಟರ್ಮಿನಲ್ಲಿ ಅರ್ಧ ಲಂಡನ್ ಅಲ್ಲೇ ಇರುತ್ತೆ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಆನ್‌ಲೈನಲ್ಲಿ ಉಚಿತ ಟಿಕೆಟ್ ಮೊದಲೇ ತಗೊಳ್ಳಿ, ಬಾಗಿಲು ತೆಗೆಯೋ ಹತ್ತು ಗಂಟೆಯ ಸ್ಲಾಟೇ ಇರಲಿ. ದೊಡ್ಡ ಹಾಲಿನ ಚಾವಣಿಯಿಂದ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗ್ತಿರುತ್ತೆ, 25 ಮೀಟರ್ ಉದ್ದ. ಅದರ ಕೆಳಗೆ ಬೆಂಚಲ್ಲಿ ಕೂತು ಕತ್ತೆತ್ತಿ ನೋಡೋದಕ್ಕೆ ಅತ್ತೆಯ ಮಂಡಿ ಅಡ್ಡ ಬರಲ್ಲ. ಡೈನೋಸಾರ್ ವಿಭಾಗದ ಕೊನೆಗೆ ಕುತ್ತಿಗೆ ಆಡಿಸಿ ಗರ್ಜಿಸೋ ಟಿ ರೆಕ್ಸ್ ಇದೆ. ಆರು ವರ್ಷದವರಿಗೆ ಅದೇ ಹಬ್ಬ, ಮೂರು ವರ್ಷದವರು ಕಿರುಚಿ ಸೊಂಟಕ್ಕೆ ಹತ್ತಿ ಕೂರ್ತಾರೆ. ಚಿಕ್ಕವನನ್ನ ಎತ್ತಿಕೊಂಡೇ ಒಳಗೆ ಹೋಗಿ, ಪ್ರಾಮಲ್ಲಿ ಬಿಡಬೇಡಿ.

ಪಕ್ಕದ ಸೈನ್ಸ್ ಮ್ಯೂಸಿಯಂನ ಬೇಸ್‌ಮೆಂಟಲ್ಲಿ ಪುಟ್ಟ ಮಕ್ಕಳು ನೀರಾಡೋಕೆ ಒಂದು ಜಾಗ ಇದೆ, ಹೆಸರು ದ ಗಾರ್ಡನ್. ಒಂದು ಜೊತೆ ಬಟ್ಟೆ ಇಟ್ಕೊಳ್ಳಿ. ಆದ್ರೆ ಎರಡೂ ಮ್ಯೂಸಿಯಂ ಒಂದೇ ದಿನ ಬೇಡ. ಇನ್ನೊಂದು ವಿಷಯ: ಸೌತ್ ಕೆನ್ಸಿಂಗ್ಟನ್‌ನಲ್ಲಿ ಪಿಕಡಿಲಿ ಪ್ಲಾಟ್‌ಫಾರ್ಮಿಂದ ಮೇಲೆ ಬರೋಕೆ ಲಿಫ್ಟ್ ಇಲ್ಲ, ಎಸ್ಕಲೇಟರೇ ಗತಿ. ಹಗುರವಾದ, ಮಡಚೋ ಪ್ರಾಮ್ ಒಯ್ಯಿರಿ.

ಮಳೆ ಹಿಡಿದ ದಿನಕ್ಕೆ ಕೋವೆಂಟ್ ಗಾರ್ಡನ್ನಿನ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ. ಮಕ್ಕಳಿಗೆ ಉಚಿತ, ದೊಡ್ಡವರಿಗೆ ದುಬಾರಿ ಅನಿಸಬಹುದು. ಆದ್ರೆ ಆ ಟಿಕೆಟ್ ವರ್ಷವಿಡೀ ನಡೆಯುತ್ತೆ, ಚಳಿಗಾಲ ಪೂರ್ತಿ ಉಪಯೋಗಕ್ಕೆ ಬರುತ್ತೆ. ಹಳೇ ಕೆಂಪು ಬಸ್ಸೊಳಗೆ ಹತ್ತಿ ಕೂರಬಹುದು.

ಬಿಸಿಲಿದ್ರೆ ರಸೆಲ್ ಸ್ಕ್ವೇರಲ್ಲಿ ಇಳಿದು ಕೋರಮ್ಸ್ ಫೀಲ್ಡ್ಸ್‌ಗೆ ನಡೀರಿ, ಹತ್ತಿರವೇ. ಏಳು ಎಕರೆ ಆಟದ ಜಾಗ, ಮಕ್ಕಳಿಗಾಗಿಯೇ ಮೀಸಲು. ಜೊತೆಯಲ್ಲಿ ಮಗು ಇಲ್ಲದ ದೊಡ್ಡವರನ್ನ ಒಳಗೆ ಬಿಡೋದೇ ಇಲ್ಲ! ನಡುಪಟ್ಟಣದಲ್ಲಿ ಮಕ್ಕಳ ಕೈ ಬಿಟ್ಟು ನೀವು ಫ್ಲಾಸ್ಕಿನ ಕಾಫಿ ಕುಡೀಬಹುದಾದ ಜಾಗ ನನಗೆ ಗೊತ್ತಿರೋ ಹಾಗೆ ಇದೊಂದೇ. ಸ್ಟೇಷನ್ನಲ್ಲಿ ಲಿಫ್ಟ್ ಇದ್ರೂ ಒಂದಿಷ್ಟು ಮೆಟ್ಟಿಲೂ ಇವೆ, ಹಾಗಾಗಿ ಅಲ್ಲಿಗೆ ನಿಮ್ಮನೆಯವರು ಜೊತೆಗಿರೋ ದಿನ ಹೋಗಿ.

ನೀವೊಬ್ಬರೇ ಇರೋ ದಿನಕ್ಕೆ ಹ್ಯಾಟನ್ ಕ್ರಾಸ್. ಹೌನ್ಸ್ಲೋ ವೆಸ್ಟ್ ಆದ ಮೇಲಿನ ಸ್ಟೇಷನ್. ಅಲ್ಲಿಂದ ಸ್ವಲ್ಪ ನಡೆದರೆ ಮರ್ಟಲ್ ಅವೆನ್ಯೂ ಕೊನೆಗೊಂದು ಹುಲ್ಲುಗಾವಲು. ಹೀಥ್ರೂ ದಕ್ಷಿಣದ ರನ್‌ವೇಗೆ ಇಳಿಯೋ ವಿಮಾನಗಳು ತಲೆ ಮೇಲೇ ಹಾದು ಹೋಗ್ತವೆ. ಚಕ್ರ, ಹೊಟ್ಟೆ ಮೇಲಿನ ಅಕ್ಷರ ಎಲ್ಲಾ ಕಾಣುತ್ತೆ. ಒಂದು ಹೋಗಿ ಒಂದೆರಡು ನಿಮಿಷಕ್ಕೆ ಇನ್ನೊಂದು. ಆದ್ರೆ ಲೆಕ್ಕ ನೋಡ್ಕೊಂಡು ಹೋಗಿ: ಸಾಮಾನ್ಯವಾಗಿ ಗಾಳಿ ಪಶ್ಚಿಮದಿಂದ ಬೀಸ್ತಿದ್ರೆ ವಿಮಾನಗಳು ಈ ಕಡೆಯಿಂದ ಇಳೀತವೆ. ಆಗಲೂ ಮಧ್ಯಾಹ್ನ ಮೂರಕ್ಕೆ ಇಳಿಯೋ ರನ್‌ವೇ ಬದಲಾಗುತ್ತೆ. ಯಾವ ವಾರ ಯಾವ ಹೊತ್ತು ದಕ್ಷಿಣದ್ದು ಅನ್ನೋ ಪಟ್ಟಿ ಹೀಥ್ರೂ ವೆಬ್‌ಸೈಟಲ್ಲಿ ಹಾಕಿರ್ತಾರೆ. ಚಾಪೆ, ಚಿತ್ರಾನ್ನದ ಡಬ್ಬಿ, ಅತ್ತೆಗೊಂದು ಮಡಚೋ ಕುರ್ಚಿ.

ಉತ್ತರ, ಈಸ್ಟ್ ಹ್ಯಾಮಿನಿಂದ

ಟ್ರೈನ್ ಬದಲಾಯಿಸೋದೇ ಮಕ್ಕಳಿಗೆ ಮಜಾ ಅನ್ನೋ ಪಂಗಡ ನಮ್ಮದು. ಯಜಮಾನರಿಗೆ ರಜೆ ಇರೋ ದಿನ ಬ್ಯಾಂಕ್ ಸ್ಟೇಷನ್ನಿಗೆ ಬಂದು ಡಿಎಲ್‌ಆರ್ ಹತ್ತಿ. ಡ್ರೈವರ್ ಕ್ಯಾಬಿನ್ ಇಲ್ಲದ ಟ್ರೈನು, ಮುಂದಿನ ಸೀಟಲ್ಲಿ ಕೂತ ಮಗುವೇ ಡ್ರೈವರ್. ಆ ಸೀಟಿಗೆ ಜಗಳ ಇರುತ್ತೆ, ಒಂದು ಟ್ರೈನ್ ಬಿಟ್ಟು ಮುಂದಿನದಕ್ಕೆ ಕಾದ್ರೂ ನಷ್ಟ ಇಲ್ಲ. ಮಡ್‌ಶೂಟಲ್ಲಿ ಇಳಿದ್ರೆ ಹತ್ತಿರದಲ್ಲೇ ಫಾರ್ಮ್ ಇದೆ. ಟಿಕೆಟ್ ಇಲ್ಲ. ಕುರಿ ಮೇಯ್ತಿರ್ತವೆ, ಹಿಂದೆ ಕೆನರಿ ವಾರ್ಫಿನ ಬ್ಯಾಂಕ್ ಕಟ್ಟಡಗಳು. ಮುಂದಿನ ಸ್ಟೇಷನ್ ಐಲ್ಯಾಂಡ್ ಗಾರ್ಡನ್ಸ್. ಅಲ್ಲಿಂದ ಥೇಮ್ಸ್ ನದಿಯ ಅಡಿಯಲ್ಲಿ ಗ್ರಿನಿಚ್‌ಗೆ ನಡ್ಕೊಂಡು ಹೋಗೋ ಸುರಂಗ. 1902ರದ್ದು, 370 ಮೀಟರ್ ಉದ್ದ. ಕೂಗಿದ್ರೆ ಪ್ರತಿಧ್ವನಿ ಬರುತ್ತೆ, ನಮ್ಮವನು ಆ ತುದಿವರೆಗೂ ಕೂಗ್ತಾನೇ ಹೋದ. ಲಿಫ್ಟ್ ಕೆಟ್ಟಿದ್ರೆ ಮೆಟ್ಟಿಲು ಬಹಳ. ಅತ್ತೆಯವರಿಗೆ ಆ ದಿನ ಮನೇಲಿ ವಿಶ್ರಾಂತಿ.

ಉತ್ತರ, ಧಾರವಾಡದ ಕಡೆಯವರು, ಕ್ರಾಯ್ಡನ್

ಅತ್ತಿಯವರನ್ನ ಮನ್ಯಾಗ ಬಿಟ್ಟು ಹೋಗಬ್ಯಾಡ್ರಿ. ಅವರಿಗೆ ಅಂತ ಒಂದು ದಿನಾ ಇಡ್ರಿ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮ್ಯಾಲೆ, ಪಾರ್ಲಿಮೆಂಟಿನ ಎದುರು ದಂಡಿಗೆ ನಮ್ಮ ಬಸವಣ್ಣನ ಮೂರ್ತಿ ಐತಿ. 2015ರ ನವೆಂಬರ್ 14ಕ್ಕ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ನಮ್ಮವ್ವ ಬಂದಾಗ ಆ ದೊಡ್ಡ ಗಡಿಯಾರಕ್ಕಿಂತ ಹೆಚ್ಚು ಹೊತ್ತು ನಿಂತಿದ್ದು ಅದರ ಮುಂದನ. ಹೂವು ಬೇರೆ ತಂದಿದ್ಲು. ಹುಡುಗರಿಗೆ ಬ್ಯಾಸರ ಆದ್ರ ಲ್ಯಾಂಬೆತ್ ಪ್ಯಾಲೇಸಿನ ಹಿಂದ ಆರ್ಚ್‌ಬಿಷಪ್ಸ್ ಪಾರ್ಕ್ ಐತಿ, ಜೋಕಾಲಿ, ಜಾರಬಂಡಿ ಎಲ್ಲಾ ಅದಾವು.

ಉತ್ತರ

ಎರಡು ಮಾತು. ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಆಮೇಲೆ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗಿರ್ತಾನೆ, ಮಕ್ಕಳು ಬೆಳಿಗ್ಗೆ ಐದಕ್ಕೇ ಎದ್ದು ಕೂರ್ತಾರೆ. ಹೊರಗಿನ ಆಟ ಬೆಳಿಗ್ಗೆಯೇ ಮುಗಿಸಿ. ಇನ್ನು, ರಜೆ ಶುರುವಾಗೋ ಹಿಂದಿನ ವಾರವೇ ಹೋದ್ರೆ ಎಲ್ಲಾ ಅಗ್ಗ ಅಂತ ಯಾರಾದ್ರೂ ಹೇಳ್ತಾರೆ, ಕೇಳಬೇಡಿ. ಅನುಮತಿ ಇಲ್ಲದೆ ಐದು ದಿನ ಸ್ಕೂಲ್ ತಪ್ಪಿಸಿದ್ರೆ ದಂಡ ಬೀಳಬಹುದು. 2024ರಿಂದ ಒಂದು ಮಗುವಿಗೆ ಅಪ್ಪನಿಗೆ 80 ಪೌಂಡ್, ಅಮ್ಮನಿಗೆ 80 ಪೌಂಡ್. 21 ದಿನದೊಳಗೆ ಕಟ್ಟದಿದ್ರೆ ಇಬ್ಬರಿಗೂ ಡಬಲ್.

ಕೇಳಿದವರಿಂದ

ಎಲ್ಲರಿಗೂ ಥ್ಯಾಂಕ್ಸ್. ಬಸವಣ್ಣನ ವಿಷಯ ಕೇಳಿ ಅತ್ತೆ ಈಗಲೇ ಸೀರೆ ತೆಗೆದಿಟ್ಟಿದ್ದಾರೆ. ಒಂದೇ ಪ್ರಶ್ನೆ: ವಿಮಾನ ನೋಡೋ ಜಾಗದಲ್ಲಿ ಟಾಯ್ಲೆಟ್ ಇದೆಯಾ? ಚಿಕ್ಕವನಿಗೆ ಈಗಷ್ಟೇ ನ್ಯಾಪಿ ಬಿಡಿಸಿದ್ದೇವೆ.

ಉತ್ತರ, ಹೌನ್ಸ್ಲೋ

ಇಲ್ಲ. ಬರೀ ಹುಲ್ಲು. ಮನೇಲೇ ಮುಗಿಸಿಕೊಂಡು ಹೊರಡಿ, ಆ ಒಂದು ದಿನ ಮಾತ್ರ ನ್ಯಾಪಿ ಹಾಕಿಬಿಡಿ.