ಅಲ್ಯೂಮಿನಿಯಂ ಬಫಿಂಗ್ ಧೂಳಿಗೆ ಹಳೇ ಡಸ್ಟ್ ಕಲೆಕ್ಟರ್ ಹಾಕಬಹುದಾ?

ಪೀಣ್ಯ_ಫಿನಿಶಿಂಗ್:
ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಶಾಪ್‌ನಲ್ಲಿ ಸೂಪರ್‌ವೈಸರ್ ಆಗಿದ್ದೀನಿ. ಇಲ್ಲಿವರೆಗೂ ನಮ್ಮದು ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಉಕ್ಕು) ಬ್ರಾಕೆಟ್ ಗ್ರೈಂಡಿಂಗ್. ಈಗ ಬೈಕ್ ಎಂಜಿನ್‌ನ ಅಲ್ಯೂಮಿನಿಯಂ ಕವರ್‌ಗಳಿಗೆ ಸ್ಯಾಂಡಿಂಗ್ ಬೆಲ್ಟ್ ಹೊಡೆದು ಬಫ್ ಮಾಡುವ, ಅಂದರೆ ಉಜ್ಜಿ ಹೊಳಪು ಕೊಡುವ, ಆರ್ಡರ್ ಬಂದಿದೆ. ಗ್ರೈಂಡಿಂಗ್‌ಗೆ ಅಂತ ಶೆಡ್ ಒಳಗೇ ಧೂಳನ್ನು ಎಳೆದು ಬಟ್ಟೆ ಚೀಲದಲ್ಲಿ ಹಿಡಿಯುವ ಒಂದು ಬ್ಯಾಗ್ ಟೈಪ್ ಡಸ್ಟ್ ಕಲೆಕ್ಟರ್ ಇದೆ. ಬಫಿಂಗ್ ಮೆಷಿನ್ನಿನ ಪೈಪನ್ನೂ ಅದಕ್ಕೇ ಸೇರಿಸಿಬಿಡಿ, ಧೂಳು ಧೂಳೇ ತಾನೆ ಅಂತಾರೆ ಓನರ್. ಸಂಜೆ ಹುಡುಗರು ಏರ್ ಗನ್ ಹಿಡಿದು ಮೆಷಿನ್, ನೆಲ, ಕೊನೆಗೆ ಮೈಮೇಲಿನ ಬಟ್ಟೆಗೂ ಹೊಡ್ಕೋತಾರೆ. ಟ್ಯೂಬ್‌ಲೈಟ್ ಪಟ್ಟಿ ಮೇಲೆಲ್ಲ ಬೂದು ಪುಡಿ ಕೂತಿದೆ. ನನಗ್ಯಾಕೋ ಸರಿ ಕಾಣ್ತಿಲ್ಲ. ಓನರ್‌ಗೆ ಏನಂತ ಹೇಳಲಿ?

ಫೆಟ್ಲಿಂಗ್_ಮೇಂಟೆನೆನ್ಸ್:
ಸೇರಿಸಬೇಡಿ. ಆರ್ಡರ್ ಒಂದು ವಾರ ತಡವಾದರೂ ಪರವಾಗಿಲ್ಲ, ಆ ಪೈಪ್ ಮಾತ್ರ ಸೇರಿಸಬೇಡಿ.

ನಾನು ಅಲ್ಯೂಮಿನಿಯಂ ಕಾಸ್ಟಿಂಗ್ ಫೆಟ್ಲಿಂಗ್ (ಎರಕದ ಪೀಸ್ ಕೆರೆದು ನಯ ಮಾಡುವ) ಶಾಪ್‌ಗಳಲ್ಲಿ ಮೇಂಟೆನೆನ್ಸ್ ನೋಡಿಕೊಂಡವನು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳ್ತೀನಿ. ಕವರ್ ಕೈಯಲ್ಲಿದ್ದಾಗ ಅದಕ್ಕೆ ಬೆಂಕಿ ಹಚ್ಚೋಕಾಗಲ್ಲ, ಲೇತ್‌ನಲ್ಲಿ ಬರುವ ದಪ್ಪ ಬುರ್ರೂ ಸುಲಭಕ್ಕೆ ಹತ್ತಿಕೊಳ್ಳಲ್ಲ. ಬಫಿಂಗ್ ಪುಡಿಯ ಕಥೆಯೇ ಬೇರೆ. ಟ್ಯೂಬ್‌ಲೈಟ್ ಮೇಲಿನದನ್ನು ಒಂದು ಚಿಟಿಕೆ ತಗೊಂಡು ಬೆರಳಲ್ಲಿ ಉಜ್ಜಿ ನೋಡಿ. ಕಾಳು ಸಿಗಲ್ಲ, ಜಾರುತ್ತೆ, ಬೆರಳಿನ ಗೆರೆಯೊಳಗೆ ಕೂತು ಸೋಪು ಹಾಕಿದರೂ ಬೇಗ ಹೋಗಲ್ಲ. ಅಷ್ಟು ನುಣುಪಾದ ಪುಡಿ ಗಾಳಿಯಲ್ಲಿ ಮೋಡದ ಹಾಗೆ ಎದ್ದಾಗ ಒಂದು ಕಿಡಿ ಬಿದ್ದರೆ ಉರಿಯೋದಿಲ್ಲ, ಸಿಡಿಯುತ್ತೆ. ನೀವು ಕೇಳಿದ ಕಲೆಕ್ಟರ್ ಒಳಗೆ ಆ ಮೋಡ ಇಡೀ ದಿನ ಇರುತ್ತೆ. ಅದಕ್ಕೇ ಎಂಎಸ್ ಗ್ರೈಂಡಿಂಗ್ ಕಿಡಿಯನ್ನೂ ಎಳೆದು ಕಳಿಸಿದರೆ ಏನಾಗುತ್ತೆ, ಯೋಚನೆ ಮಾಡಿ.

ಇನ್ನೊಂದಿದೆ. ಹಳೇ ಬ್ಯಾಗ್‌ನಲ್ಲಿ ತುಕ್ಕು ಹಿಡಿದ ಕಬ್ಬಿಣದ ಪುಡಿ ಇದ್ದೇ ಇರುತ್ತೆ. ತುಕ್ಕು ಮತ್ತು ಅಲ್ಯೂಮಿನಿಯಂ ಪುಡಿ ಸೇರಿದರೆ ಥರ್ಮಿಟ್. ರೈಲ್ವೆಯವರು ಹಳಿ ಬೆಸೆಯೋದು ಇದೇ ಮಿಶ್ರಣದಿಂದ, ಕಬ್ಬಿಣವೇ ಕರಗಿ ಹರಿಯುವಷ್ಟು ಶಾಖ ಬರುತ್ತೆ. ಅದಕ್ಕೇ ಎರಡು ಲೋಹಕ್ಕೆ ಬೆಲ್ಟ್ ಬೇರೆ, ವೀಲ್ ಬೇರೆ, ಪೈಪ್ ಬೇರೆ, ಡ್ರಮ್ ಬೇರೆ.

ಓನರ್‌ಗೆ ಕುನ್‌ಶಾನ್ ವಿಷಯ ಹೇಳಿ. ಚೀನಾದ ಜಿಯಾಂಗ್ಸು ಪ್ರಾಂತ್ಯ, 2014ರ ಆಗಸ್ಟ್ 2. ಕಾರಿನ ಅಲ್ಯೂಮಿನಿಯಂ ವೀಲ್ ಪಾಲಿಶ್ ಮಾಡುತ್ತಿದ್ದ ಕಾರ್ಖಾನೆ, ಅಂದರೆ ನಿಮ್ಮ ಕೆಲಸವೇ, ದೊಡ್ಡ ಪ್ರಮಾಣದಲ್ಲಿ. ಧೂಳು ಬೀಳುವ ಡ್ರಮ್ ತುಕ್ಕು ಹಿಡಿದು ತೂತಾಗಿತ್ತು, ಒಳಗಿನ ಪುಡಿಗೆ ತೇವ ತಾಗಿ ತಾನಾಗೇ ಬಿಸಿಯೇರಿತು ಅಂತ ತನಿಖೆಯಲ್ಲಿ ಗೊತ್ತಾಯಿತು. ಮೊದಲು ಕಲೆಕ್ಟರ್ ಸಿಡಿಯಿತು, ಅಲ್ಲಿಂದ ಬೆಂಕಿ ಪೈಪ್ ಹಿಡಿದು ಶಾಪ್ ಒಳಗೆ ಬಂತು. ಅವತ್ತೇ 75 ಜನ ಹೋದರು, ಆಸ್ಪತ್ರೆಯಲ್ಲಿ ಸತ್ತವರನ್ನೂ ಸೇರಿಸಿದರೆ 146. ಇಂಥ ಕಡೆ ಹೆಚ್ಚಾಗಿ ಕೊಲ್ಲೋದು ಮೊದಲ ಸ್ಫೋಟ ಅಲ್ಲ. ಅದರ ಧಕ್ಕೆಗೆ ಗರ್ಡರ್, ಕೇಬಲ್ ಟ್ರೇ, ಲೈಟ್ ಪಟ್ಟಿ ಮೇಲೆ ಕೂತ ಧೂಳೆಲ್ಲ ಒಟ್ಟಿಗೆ ಮೇಲೆದ್ದು ಹೊತ್ತಿಕೊಳ್ಳುವ ಎರಡನೇ ಸ್ಫೋಟ. ಕೂತ ಧೂಳಿನ ಪದರ 0.8 ಮಿ.ಮೀ. ಆದರೇ ಅಪಾಯ ಅಂತ ಲೆಕ್ಕ. ನಿಮ್ಮ ಟ್ಯೂಬ್‌ಲೈಟ್ ಮೇಲಿನ ಪುಡಿ ನನಗೆ ಕಲೆಕ್ಟರ್‌ಗಿಂತ ಹೆಚ್ಚು ಚಿಂತೆ ತರಿಸಿತು.

ಏರ್ ಗನ್ ಇವತ್ತೇ ನಿಲ್ಲಿಸಿ, ಇದಕ್ಕೆ ದುಡ್ಡೇನೂ ಬೇಕಿಲ್ಲ. ಮೆಷಿನ್ ಆಫ್ ಮಾಡಿ, ಮೆತ್ತನೆ ಬ್ರಷ್‌ನಿಂದ ಧೂಳೇಳದ ಹಾಗೆ ನಿಧಾನಕ್ಕೆ ಗುಡಿಸಿ. ಮನೆ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಮೋಟಾರ್ ಕಿಡಿಯೇ ಸಾಕು. ಹುಡುಗರಿಗೆ ಕಾಟನ್ ಬಟ್ಟೆ ಕೊಡಿ, ಪಾಲಿಯೆಸ್ಟರ್ ಬೇಡ.

ಬಫಿಂಗ್‌ಗೆ ನೀರಿನ ಕಲೆಕ್ಟರ್, ಅಂದರೆ ವೆಟ್ ಸ್ಕ್ರಬ್ಬರ್, ನೋಡಿ. ಪೈಪ್ ಲೋಹದ್ದೇ ಇರಲಿ, ಪಿವಿಸಿ ಬೇಡ, ಪ್ರತಿ ಜಾಯಿಂಟ್‌ಗೂ ಅರ್ಥಿಂಗ್ ಕೊಡಿ. ನೀರು ಕಮ್ಮಿಯಾದರೆ ಬಫಿಂಗ್ ಮೋಟಾರ್ ಓಡಲೇಬಾರದು, ಹಾಗೆ ಇಂಟರ್‌ಲಾಕ್ ಮಾಡಿಸಿ. ಅದರಲ್ಲಿ ನಿಲ್ಲುವ ಕೆಸರು ಹೈಡ್ರೋಜನ್ ಬಿಡುತ್ತೆ, ಗಾಳಿಯಲ್ಲಿ 4% ಆದರೆ ಅದೂ ಹೊತ್ತಿಕೊಳ್ಳುತ್ತೆ. ದಿನಾ ತೆಗೆಯಿರಿ, ಡ್ರಮ್ಮಿಗೆ ಬಿಗಿಯಾಗಿ ಮುಚ್ಚಳ ಹಾಕಬೇಡಿ, ಶೆಡ್ ಹೊರಗೆ ಗಾಳಿಯಾಡುವ ಕಡೆ ಇಡಿ.

ಡೈಕಾಸ್ಟಿಂಗ್_ಗಿರಿ:
ಮೇಲಿನ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಪ್ರೆಶರ್ ಡೈಕಾಸ್ಟಿಂಗ್ (ಕರಗಿದ ಲೋಹವನ್ನು ಒತ್ತಡದಲ್ಲಿ ಅಚ್ಚಿಗೆ ತುಂಬುವ ಕೆಲಸ) ಫರ್ನೇಸ್ ಹತ್ತಿರ ಇರೋನು. ಕವರ್‌ಗಳ ರಿಜೆಕ್ಷನ್ ಕರಗಿಸೋ ಯೋಚನೆ ನಿಮ್ಮ ಓನರ್‌ಗೆ ಬಂದರೆ ಅಂತ ಇದನ್ನೂ ಹೇಳ್ತೀನಿ. ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ, ಆದರೆ ಬಿಸಿ ಕಬ್ಬಿಣದ ಹಾಗೆ ಕೆಂಪಾಗಲ್ಲ. ಆಗಷ್ಟೇ ಅಚ್ಚಿನಿಂದ ತೆಗೆದ ಪೀಸೂ ನಿನ್ನೆಯ ಪೀಸೂ ಕಣ್ಣಿಗೆ ಒಂದೇ. ಹೊಸ ಹುಡುಗರು ಕೈ ಸುಟ್ಟುಕೊಳ್ಳೋದು ಇಲ್ಲೇ. ಮಳೆಗಾಲದಲ್ಲಿ ಹೊರಗೆ ಬಿದ್ದಿದ್ದ ಇಂಗಾಟ್ (ಲೋಹದ ಗಟ್ಟಿ), ಸ್ಕ್ರ್ಯಾಪ್ ಯಾವುದನ್ನೂ ನೇರ ಕರಗಿದ ಲೋಹಕ್ಕೆ ಹಾಕಬಾರದು. ಒಳಗಡೆ ಸಿಕ್ಕಿಕೊಂಡ ನೀರು ಆವಿಯಾದರೆ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತೆ, ಲೋಹವೆಲ್ಲ ಮುಖಕ್ಕೆ ಹಾರುತ್ತೆ. ಸೌಟು, ಕೆರೆಯುವ ರಾಡ್ ಕೂಡ ಕಾಯಿಸಿಯೇ ಒಳಗಿಡಬೇಕು.

ಪೀಣ್ಯ_ಫಿನಿಶಿಂಗ್:
ತುಂಬಾ ಥ್ಯಾಂಕ್ಸ್ ಸರ್. ಏರ್ ಲೈನ್ ವಾಲ್ವ್ ಬಂದ್ ಮಾಡಿಸಿದೆ. ಪುಡಿಗೇ ಬೆಂಕಿ ಹತ್ತಿದರೆ? ಗೋಡೆಯಲ್ಲಿ ಬೆಂಕಿ ಆರಿಸುವ ಎಬಿಸಿ ಪೌಡರ್ ಸಿಲಿಂಡರ್ ಎರಡಿದೆ, ಹೊರಗೆ ನೀರಿನ ಬಕೆಟ್ ಇದೆ.

ಫೆಟ್ಲಿಂಗ್_ಮೇಂಟೆನೆನ್ಸ್:
ಬಫಿಂಗ್ ಜಾಗಕ್ಕೆ ಎರಡೂ ಬೇಡ. ನೀರು ಸುರಿದರೆ ಹೈಡ್ರೋಜನ್ ಬಂದು ಉರಿ ಹೆಚ್ಚುತ್ತೆ. ಎಬಿಸಿ, ಸಿಒ2 ಸಿಲಿಂಡರ್‌ಗಳು ಲೋಹದ ಬೆಂಕಿಗಲ್ಲ, ಅದರ ಜೋರು ಗಾಳಿಗೆ ಪುಡಿ ಮೇಲೆದ್ದರೆ ಮತ್ತೆ ಅದೇ ಮೋಡ. ಲೋಹದ ಬೆಂಕಿಗೆ ಅಂತಲೇ ಇರುವ ಸಿಲಿಂಡರ್ ಬೇಕು, ಡಿ ಕ್ಲಾಸ್ ಅಂತ ಕೇಳಿ ತಗೊಳ್ಳಿ. ಜತೆಗೆ ಮುಚ್ಚಳ ಇರುವ ಡಬ್ಬದಲ್ಲಿ ಚೆನ್ನಾಗಿ ಒಣಗಿದ ಮರಳು, ಉದ್ದ ಹಿಡಿಯ ಸಲಿಕೆ ಇಡಿ. ಮರಳನ್ನು ಎರಚಬಾರದು. ಮೊದಲು ಸುತ್ತ ಕಟ್ಟೆ ಹಾಗೆ ಹಾಕಿ, ಆಮೇಲೆ ಮೆಲ್ಲಗೆ ಮೇಲೆ ಸುರಿದು ಮುಚ್ಚಿ, ಮತ್ತೆ ಕೆದಕಬೇಡಿ. ಉರಿ ಅಂಗೈಯಗಲ ಇದ್ದಾಗ ಮಾತ್ರ ಇದು. ದೊಡ್ಡದಾದರೆ ಎಲ್ಲರನ್ನೂ ಹೊರಗೆ ಕರ್ಕೊಂಡು ಹೋಗಿ 112ಕ್ಕೆ ಮಾಡಿ, ಅಲ್ಯೂಮಿನಿಯಂ ಪುಡಿ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಅವರು ಬಂದು ನೀರೇ ಹೊಡೀತಾರೆ.

ಓನರ್ ಖರ್ಚಿನ ಮಾತು ತೆಗೆದರೆ, ಸ್ಫೋಟಿಸುವ ಧೂಳಿನ ಬಗ್ಗೆ 1948ರ ಕಾರ್ಖಾನೆ ಕಾಯ್ದೆಯ 37ನೇ ಸೆಕ್ಷನ್ನಿನಲ್ಲೇ ಬರೆದಿತ್ತು, ಇದೇನೂ ಹೊಸ ನಿಯಮ ಅಲ್ಲ ಅನ್ನಿ. ನಾಳೆ ಮೆಷಿನ್ ಶುರು ಮಾಡುವ ಮುಂಚೆ ಮೇನ್ ಆಫ್ ಮಾಡಿ, ಟ್ಯೂಬ್‌ಲೈಟ್ ಪಟ್ಟಿ ಮತ್ತು ಕೇಬಲ್ ಟ್ರೇ ಕ್ಲೀನ್ ಮಾಡಿಸಿ. ಹುಡುಗರಿಗೆ ಮಾಸ್ಕ್ ಹಾಕಿಸಿ, ಆ ಪುಡಿ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಸ್ಕ್ರಬ್ಬರ್ ಕೊಟೇಶನ್ ಬಂದ ಮೇಲೆ ಇಲ್ಲೇ ಹಾಕಿ, ಇಂಟರ್‌ಲಾಕ್ ಸೇರಿಸಿದ್ದಾರಾ ಇಲ್ಲವಾ ನೋಡಿ ಹೇಳ್ತೀನಿ.