ಅಪ್‌ಡೇಟ್: ಲ್ಯಾಪ್‌ಟಾಪ್ ಕೊನೆಗೂ ಕಣ್ಣು ಬಿಟ್ಟಿತು

ಹೋದ ವಾರ ಕೇಳಿದ್ದೆನಲ್ಲ, ಪವರ್ ಬಟನ್ ಒತ್ತಿದರೆ ಲೈಟ್ ಹತ್ತುತ್ತೆ, ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು ಅಂತ. ಅದರ ಮುಂದಿನ ಕಥೆ ಇದು.

ಚಾರ್ಜರ್ ಕಿತ್ತು ಬಟನ್ 30 ಸೆಕೆಂಡ್ ಒತ್ತಿ ಹಿಡಿದೆ. ಬೆರಳು ನೋಯ್ತು, ಅಷ್ಟೆ. ಟಿವಿಗೆ ಜೋಡಿಸಿದರೂ ಕಪ್ಪೇ, ಹಾಗಾಗಿ ಬರೀ ಡಿಸ್‌ಪ್ಲೇ ತೊಂದರೆ ಅಲ್ಲ ಅನ್ನಿಸ್ತು. ಇಲ್ಲಿ ಡೊಂಬಿವಲಿಯ ಅಂಗಡಿಯವನೊಬ್ಬ ಬಿಚ್ಚಿಯೂ ನೋಡದೆ ‘ಮದರ್‌ಬೋರ್ಡ್ ಗಯಾ’ (ಒಳಗಿನ ಮುಖ್ಯ ಬೋರ್ಡೇ ಹೋಯ್ತು) ಅಂದ. ಒಂಬತ್ತು ಸಾವಿರವಂತೆ!

ಮುಂಬಯಿಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಹೊತ್ಕೊಂಡು ಹೋಗೋ ಮುಂಚೆ ಒಂದು ಕೈ ನೋಡೋಣ ಅಂತ ನಾನೇ ಹಿಂದಿನ ಮುಚ್ಚಳ ಬಿಚ್ಚಿದೆ. ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿದೆ, ಆಮೇಲೆ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್. ಅದರ ಬಂಗಾರದ ಬಣ್ಣದ ಅಂಚಿನ ಮೇಲೆ ಮಂಕು ಪದರ, ಬೆಳಗದೇ ಬಿಟ್ಟ ಹಿತ್ತಾಳೆ ಚೊಂಬಿನ ಹಾಗೆ. ಮುಂಬಯಿ ಮಳೆಗಾಲದ ತೇವ, ಇನ್ನೇನು. ಮಗಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಝಾಡಿಸಿ, ಓರೆಯಾಗಿ ತೂರಿಸಿ ಒತ್ತಿದೆ. ಎರಡೂ ಕಡೆ ‘ಟಕ್’ ಅಂತು.

ಬಟನ್ ಒತ್ತಿದೆ. ಒಂದು ನಿಮಿಷ ಏನೂ ಇಲ್ಲ, ಎದೆ ಧಸಕ್ ಅಂತು. ಆಮೇಲೆ ಲೋಗೋ ಬಂತು! ಗಡಿಯಾರ ಹಿಂದೆ ಹೋಗಿತ್ತು, ವೈಫೈ ಸಿಕ್ಕ ಮೇಲೆ ತಾನೇ ಸರಿಹೋಯ್ತು.

‘ರ‍್ಯಾಮ್ ತೆಗೆದು ಮತ್ತೆ ಹಾಕಿ ನೋಡಿ’ ಅಂತ ಹೋದ ವಾರ ಉತ್ತರ ಕೊಟ್ಟ ಅಣ್ಣ, ಮಾಟುಂಗಾ ಕಡೆ ಬಂದರೆ ಫಿಲ್ಟರ್ ಕಾಫಿ ನನ್ನ ಲೆಕ್ಕ.