ಡ್ರ್ಯಾಗನ್ ಬಾಲ್ ಝಡ್ ಹೈಪರ್ ಡೈಮೆನ್ಷನ್: ಬೇರೆಲ್ಲ ಕಾರ್ಟ್ರಿಡ್ಜ್ ಓಡುತ್ತೆ, ಇದೊಂದೇ ಕಪ್ಪು ಪರದೆ

ಕಪ್ಪುಪರದೆ (ಪ್ರಶ್ನೆ)

ನಮಸ್ಕಾರ. ನನ್ನ ಹತ್ತಿರ ಇರೋದು ಯುರೋಪ್ ಮಾದರಿಯ ಸೂಪರ್ ನಿಂಟೆಂಡೊ ಗೇಮ್ ಕನ್ಸೋಲ್. ಹಿಂದೆ ಇಟ್ಟುಕೊಂಡಿದ್ದವರು ಬೇರೆ ಪ್ರದೇಶದ ಆಟಗಳನ್ನು ತಡೆಯುವ ಲಾಕ್ ಚಿಪ್‌ನ 4ನೇ ಪಿನ್ ಎತ್ತಿ ಗ್ರೌಂಡ್‌ಗೆ ಸೇರಿಸಿದ್ದಾರೆ, 50/60 ಹರ್ಟ್ಜ್ ಸ್ವಿಚ್ಚನ್ನೂ ಹಾಕಿದ್ದಾರೆ. ಜಪಾನಿನ ಡ್ರ್ಯಾಗನ್ ಬಾಲ್ ಝಡ್ ಹೋರಾಟದ ಆಟ ಸೂಪರ್ ಬುಟೋಡೆನ್ 2 ಸಲೀಸಾಗಿ ಓಡುತ್ತೆ. ಆದರೆ ಅದೇ ಸಾಲಿನ ಹೈಪರ್ ಡೈಮೆನ್ಷನ್ (1996ರ ಜಪಾನ್ ಕಾರ್ಟ್ರಿಡ್ಜ್) ಹಾಕಿದರೆ ಬರೀ ಕಪ್ಪು ಪರದೆ. ಸ್ವಿಚ್ 50ರಲ್ಲಿಟ್ಟರೂ ಅಷ್ಟೆ, 60ರಲ್ಲಿಟ್ಟರೂ ಅಷ್ಟೆ.

ಮೂರು ವಿಷಯ ಕೇಳಬೇಕು:
1. ಕಾರ್ಟ್ರಿಡ್ಜ್ ಸತ್ತಿದೆಯಾ, ಅಥವಾ ಕನ್ಸೋಲ್‌ದೇ ತಕರಾರಾ?
2. ಸೂಪರ್ ಫ್ಯಾಮಿಕಾಮ್ (ಇದೇ ಕನ್ಸೋಲ್‌ನ ಜಪಾನ್ ಮಾದರಿ) ಪ್ಯಾಡ್ ಚುಚ್ಚಿದರೆ ಒಂದು ಬಟನ್ನೂ ಕೆಲಸ ಮಾಡಲ್ಲ. ಯುರೋಪ್ ಪ್ಯಾಡ್ ಸರಿಯಾಗಿದೆ. ಯಾಕೆ?
3. 60 ಹರ್ಟ್ಜ್‌ಗೆ ಹಾಕಿದಾಗ ಟಿವಿಯಲ್ಲಿ ಕೆಲವೊಮ್ಮೆ ಚಿತ್ರ ಹೋಗಿ ಬರುತ್ತೆ. ಕೇಬಲ್ ಬದಲಾಯಿಸಬೇಕಾ?

ಬೆಸುಗೆಕಡ್ಡಿ

ಕಾರ್ಟ್ರಿಡ್ಜ್ ಸತ್ತಿರುವ ಸಾಧ್ಯತೆ ಕಡಿಮೆ. ಆ ಎತ್ತಿದ 4ನೇ ಪಿನ್ ಮೇಲೆಯೇ ನನ್ನ ಗುಮಾನಿ.

ಸೂಪರ್ ಬುಟೋಡೆನ್ 2 ಮಾಮೂಲಿ ಕಾರ್ಟ್ರಿಡ್ಜ್. ಅದರೊಳಗೆ ಒಂದು ಪ್ರತ್ಯೇಕ ಸಿಐಸಿ ಚಿಪ್ ಇರುತ್ತೆ, ಕನ್ಸೋಲ್‌ನೊಳಗೆ ಅದರ ಜೋಡಿ, ಅದೇ ನೀವು ಹೇಳಿದ ಲಾಕ್ ಚಿಪ್. ಎರಡೂ ಪರಸ್ಪರ ಸಂಕೇತ ಹೊಂದಿಸಿಕೊಳ್ಳದಿದ್ದರೆ ಕನ್ಸೋಲ್ ಬದಿಯ ಚಿಪ್ ರೀಸೆಟ್ ಎಳೆದು ಆಟ ನಿಲ್ಲಿಸುತ್ತೆ. 4ನೇ ಪಿನ್ ಗ್ರೌಂಡ್‌ಗೆ ಹೋದಾಗ ಕನ್ಸೋಲ್ ಬದಿಯ ಚಿಪ್ 'ಬೀಗ'ದ ಪಾತ್ರ ಬಿಟ್ಟು 'ಕೀಲಿ'ಯ ಪಾತ್ರಕ್ಕೆ ಬರುತ್ತೆ. ಎರಡೂ ಕಡೆ ಕೀಲಿ ಆದಮೇಲೆ ರೀಸೆಟ್ ಎಳೆಯುವವರೇ ಇಲ್ಲ, ಆಟ ಓಡುತ್ತೆ. ಕಾರ್ಟ್ರಿಡ್ಜ್ ಬದಿಯ ಚಿಪ್ ಸಂಕೇತ ಸಿಗದೆ ಸುಮ್ಮನೆ ಕೂತಿರುತ್ತೆ, ಅದರಿಂದ ಆಟಕ್ಕೆ ತೊಂದರೆ ಇಲ್ಲ.

ಹೈಪರ್ ಡೈಮೆನ್ಷನ್‌ನಲ್ಲಿ ಎಸ್‌ಎ-1 ಇದೆ. ಅದು 10.74 ಮೆಗಾಹರ್ಟ್ಜ್‌ನಲ್ಲಿ ಓಡುವ ಇನ್ನೊಂದು ಪ್ರೊಸೆಸರ್, ಕನ್ಸೋಲ್‌ನ ಮುಖ್ಯ ಪ್ರೊಸೆಸರ್‌ನ ಗರಿಷ್ಠ ವೇಗವೇ 3.58. ಸಿಐಸಿಯ ಕೆಲಸವನ್ನೂ ಅದೇ ಚಿಪ್‌ನ ಒಳಗೆ ಸೇರಿಸಿಬಿಟ್ಟಿದ್ದಾರೆ. ಎದುರಿಗೆ ಸರಿಯಾದ ಬೀಗ ಸಿಗದಿದ್ದರೆ ಎಸ್‌ಎ-1 ತಾನೇ ಕೆಲಸ ಶುರು ಮಾಡಲ್ಲ. ಅಂದರೆ ಬೇರೆ ಆಟಗಳನ್ನು ಓಡಿಸಲು ಮಾಡಿದ ಉಪಾಯವೇ ಇದನ್ನು ನಿಲ್ಲಿಸಿದೆ.

ಕಾರ್ಟ್ರಿಡ್ಜ್ ಮೇಲೆ ಕಾರ್ಟ್ರಿಡ್ಜ್ ಚುಚ್ಚುವ ಹಳೆಯ ಅಡಾಪ್ಟರ್‌ಗಳನ್ನು ಕೊಳ್ಳಲು ಹೋಗಬೇಡಿ. ಅವು ಸಿಐಸಿ ತಂತಿಗಳನ್ನು ಹಿಂದೆ ಚುಚ್ಚಿದ ಯುರೋಪ್ ಕಾರ್ಟ್ರಿಡ್ಜ್ ಕಡೆ ತಿರುಗಿಸುತ್ತವೆ. ಎಸ್‌ಎ-1ಗೆ ಆಗಲೂ ಮಾತಾಡಲು ಯಾರೂ ಸಿಗಲ್ಲ.

ಆದರೆ ಸೋಲ್ಡರಿಂಗ್ ಐರನ್ ಹಿಡಿಯುವ ಮುಂಚೆ ಒಂದು ಸುಲಭದ ಪರೀಕ್ಷೆ ಮಾಡಿ. ಈ ಸ್ಲಾಟ್‌ನಲ್ಲಿ ಒಟ್ಟು 62 ಪಿನ್. ಮಾಮೂಲಿ ಆಟ ನಡುವಿನ 46 ಮಾತ್ರ ಬಳಸುತ್ತೆ. ಎರಡು ತುದಿಗಳಲ್ಲಿ ಎಂಟೆಂಟರಂತೆ ಉಳಿದ 16 ಇರೋದು ಎಸ್‌ಎ-1ನಂಥ ಹೆಚ್ಚುವರಿ ಚಿಪ್‌ಗಳಿಗೆ. ತುದಿಯ ಪಿನ್‌ಗಳ ಮೇಲೆ ಕಿಲುಬು ಕೂತಿದ್ದರೂ ಬುಟೋಡೆನ್ 2ರಲ್ಲಿ ಅದು ಗೊತ್ತೇ ಆಗಲ್ಲ. 99% ಐಸೊಪ್ರೊಪಿಲ್ ಆಲ್ಕೋಹಾಲ್‌ನಲ್ಲಿ ಹತ್ತಿಕಡ್ಡಿ ಅದ್ದಿ, ಕಾರ್ಟ್ರಿಡ್ಜ್ ಅಂಚಿನ ಎರಡೂ ಮುಖವನ್ನು ಮೂಲೆಯಿಂದ ಮೂಲೆಗೆ ಉಜ್ಜಿ, ಕಡ್ಡಿ ಕಪ್ಪಾಗೋದು ನಿಲ್ಲುವ ತನಕ. ಬಾಯಿಂದ ಊದಬೇಡಿ, ಎಂಜಲಿನ ತೇವವೇ ಕಿಲುಬಿಗೆ ದಾರಿ. ಪೂರ್ತಿ ಒಣಗಿದ ಮೇಲೆ ಚುಚ್ಚಿ ನೋಡಿ. ಆಮೇಲೂ ಕಪ್ಪೇ ಇದ್ದರೆ 3.8 ಮಿ.ಮೀ. ಗೇಮ್‌ಬಿಟ್ (ನಿಂಟೆಂಡೊ ಸ್ಕ್ರೂಗಳ ವಿಶೇಷ ತಿರುಪುಳಿ) ಬಳಸಿ ಕಾರ್ಟ್ರಿಡ್ಜ್ ಬಿಚ್ಚಿ, ಚಿಪ್ ಮೇಲೆ ಏನು ಬರೆದಿದೆ ಅಂತ ಇಲ್ಲಿ ಹಾಕಿ. ನಕಲಿ ಕಾರ್ಟ್ರಿಡ್ಜ್ ಅಲ್ಲ ಅನ್ನೋದೂ ಅಲ್ಲೇ ತೀರ್ಮಾನವಾಗುತ್ತೆ.

ನಾಲ್ಕುದಿಕ್ಕು

ನಿಮ್ಮ ಎರಡನೇ ಪ್ರಶ್ನೆಗೆ. ಪ್ಲಗ್ ಒಂದೇ ಆಕಾರವಾದರೂ ಯುರೋಪ್ ಕನ್ಸೋಲ್‌ನ ಪ್ಯಾಡ್ ಪೋರ್ಟ್ ಹಿಂದೆ ಎರಡು ಡಯೋಡ್ ಇರುತ್ತವೆ, ಕ್ಲಾಕ್ ಮತ್ತು ಲ್ಯಾಚ್ ತಂತಿಗಳ ಮೇಲೆ. ಯುರೋಪ್ ಪ್ಯಾಡ್‌ನೊಳಗೆ ಅದಕ್ಕೆ ಸರಿಹೊಂದುವ ಪುಲ್-ಅಪ್ ರೆಸಿಸ್ಟರ್‌ಗಳಿವೆ, ಸೂಪರ್ ಫ್ಯಾಮಿಕಾಮ್ ಪ್ಯಾಡ್‌ನಲ್ಲಿ ಇಲ್ಲ. ಹಾಗಾಗಿ ಜಪಾನ್ ಪ್ಯಾಡ್‌ಗೆ ಸಂಕೇತವೇ ತಲುಪಲ್ಲ. ಪ್ಯಾಡ್ ಕೆಟ್ಟಿಲ್ಲ. ಮುಂಭಾಗದ ಚಿಕ್ಕ ಬೋರ್ಡ್ ಬಿಚ್ಚಿ ಆ ಎರಡು ಡಯೋಡ್‌ಗಳ ತುದಿಗಳನ್ನು ಚೂರು ತಂತಿಯಿಂದ ಸೇರಿಸಿದರೆ ಎರಡೂ ಬಗೆಯ ಪ್ಯಾಡ್ ನಡೆಯುತ್ತವೆ. ತಿರುಗಾಮುರುಗಾ, ಅಂದರೆ ಯುರೋಪ್ ಪ್ಯಾಡನ್ನು ಜಪಾನ್ ಕನ್ಸೋಲ್‌ಗೆ ಚುಚ್ಚಿದರೆ ಏನೂ ಮಾಡದೆಯೇ ನಡೆಯುತ್ತೆ.

ಹೋರಾಟದ ಆಟ ಆದ್ದರಿಂದ ಇನ್ನೊಂದು ಮಾತು. ಕೆಳಗಿನಿಂದ ಮುಂದಕ್ಕೆ ಕಾಲುವೃತ್ತ ತಿರುಗಿಸುವಾಗ ಓರೆ ದಿಕ್ಕು ದಾಖಲಾಗದೆ, ಬೀಮ್ (ಶಕ್ತಿಕಿರಣ) ಬದಲು ಬರೀ ಗುದ್ದು ಬರ್ತಿದ್ದರೆ ನಿಮ್ಮ ಬೆರಳನ್ನು ಬೈಯುವ ಮೊದಲು ಪ್ಯಾಡ್ ಬಿಚ್ಚಿ ನೋಡಿ. ಹಿಂದೆ ಐದು ಸಾಮಾನ್ಯ ಸ್ಟಾರ್ ಸ್ಕ್ರೂ ಇವೆ. ದಿಕ್ಕಿನ ಬಟನ್ ಕೆಳಗಿನ ರಬ್ಬರ್‌ನ ಕಪ್ಪು ಬಿಲ್ಲೆಗಳನ್ನು ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಜೋರಾಗಿ ಉಜ್ಜಿದರೆ ಕಾರ್ಬನ್ ಎದ್ದುಬರುತ್ತೆ. ಬೋರ್ಡ್ ಮೇಲಿನ ಪಟ್ಟಿಗಳಿಗೆ ಆಲ್ಕೋಹಾಲ್ ಸಾಕು. ರಬ್ಬರ್ ಒಂದು ಬದಿ ಕುಸಿದಿದ್ದರೆ ಹೊಸ ರಬ್ಬರ್ ಹಾಕೋದೇ ದಾರಿ.

ಗೆರೆಮತ್ತುಬಣ್ಣ

ಚಿತ್ರದ ವಿಷಯ ನಾನು ಹೇಳ್ತೀನಿ. ಯುರೋಪ್ ಕನ್ಸೋಲನ್ನು 60ಕ್ಕೆ ಹಾಕಿದರೂ ಅದರ ಮೂಲ ಕ್ರಿಸ್ಟಲ್ ಯುರೋಪಿನದ್ದೇ. ಜಪಾನ್ ಕನ್ಸೋಲ್ ಸೆಕೆಂಡಿಗೆ 60.1 ಫ್ರೇಮ್ ಕೊಟ್ಟರೆ ನಿಮ್ಮದು ಸುಮಾರು 59.55 ಕೊಡುತ್ತೆ. ಆಡುವವರಿಗೆ ಈ ವ್ಯತ್ಯಾಸ ಗೊತ್ತಾಗಲ್ಲ, ಆದರೆ ಕೆಲವು ಟಿವಿ ಮತ್ತು ಎಚ್‌ಡಿಎಂಐ ಪರಿವರ್ತಕಗಳು ಸಿಂಕ್, ಅಂದರೆ ಚಿತ್ರದ ಲಯದ ಹೊಂದಾಣಿಕೆ, ಕಳೆದುಕೊಳ್ಳುತ್ತವೆ. ಬಫರ್ ಹೆಚ್ಚಿಸುವ ಆಯ್ಕೆ ಇರುವ ಪರಿವರ್ತಕವಾದರೆ ಒಂದು ಫ್ರೇಮ್, ಅಂದರೆ 16.7 ಮಿಲಿಸೆಕೆಂಡ್, ವಿಳಂಬ ಒಪ್ಪಿಕೊಂಡು ಚಿತ್ರವನ್ನು ಸ್ಥಿರ ಮಾಡಿಕೊಳ್ಳಬಹುದು.

ಕಾಂಪೊಸಿಟ್ (ಚಿತ್ರವೆಲ್ಲ ಒಂದೇ ತಂತಿಯಲ್ಲಿ ಬರುವ ಕೇಬಲ್) ಬಿಟ್ಟು ಆರ್‌ಜಿಬಿ ಸ್ಕಾರ್ಟ್‌ಗೆ (ಮೂರು ಬಣ್ಣಕ್ಕೂ ಬೇರೆ ಬೇರೆ ತಂತಿ ಇರುವ ಕೇಬಲ್) ಹೋಗಿ. ಕಾಂಪೊಸಿಟ್‌ನಲ್ಲಿ ಯುರೋಪ್ ಕನ್ಸೋಲ್‌ನ 60 ಹರ್ಟ್ಜ್ ಸಂಕೇತದ ಬಣ್ಣ ಕೆಲವು ಟಿವಿಗೆ ಅರ್ಥವೇ ಆಗಲ್ಲ. ಕೇಬಲ್ ಕೊಳ್ಳುವಾಗ ಎಚ್ಚರ: ಟಿವಿ ಕೇಬಲ್ ಚುಚ್ಚುವ ಮಲ್ಟಿ-ಔಟ್ ಪೋರ್ಟ್‌ನ 3ನೇ ಪಿನ್‌ನಲ್ಲಿ ಜಪಾನ್ ಕನ್ಸೋಲ್ ಸಿಂಕ್ ಕೊಡುತ್ತೆ, ಯುರೋಪ್ ಕನ್ಸೋಲ್ ಅದೇ ಪಿನ್‌ನಲ್ಲಿ 12 ವೋಲ್ಟ್ ಕೊಡುತ್ತೆ. ಜಪಾನ್ ಮಾದರಿಯ ಸಿಂಕ್ ಕೇಬಲ್ ಇಲ್ಲಿ ಚುಚ್ಚಿದರೆ ಆ 12 ವೋಲ್ಟ್ ನೇರ ಪರಿವರ್ತಕದ ಸಿಂಕ್ ಪಿನ್‌ಗೆ ಹೋಗುತ್ತೆ. ಒಳಗಿನ ಭಾಗಗಳೂ ಬೇರೆ. ಯುರೋಪ್ ಕೇಬಲ್‌ನಲ್ಲಿ ಮೂರೂ ಬಣ್ಣದ ತಂತಿಗಳಿಗೆ ಗ್ರೌಂಡ್ ಕಡೆ 75 ಓಮ್ ರೆಸಿಸ್ಟರ್, ಜಪಾನ್ ಕೇಬಲ್‌ನಲ್ಲಿ 220 ಮೈಕ್ರೊಫ್ಯಾರಡ್ ಕೆಪಾಸಿಟರ್.

ಕಪ್ಪುಪರದೆ

ಎಲ್ಲರಿಗೂ ಧನ್ಯವಾದ. ಅಂಚು ಒರೆಸಿದೆ, ವ್ಯತ್ಯಾಸ ಇಲ್ಲ. ಬಿಚ್ಚಿ ನೋಡಿದರೆ ಚಿಪ್ ಮೇಲೆ 'ಎಸ್‌ಎ1 ಆರ್‌ಎಫ್5ಎ123' ಅಂತಿದೆ. 4ನೇ ಪಿನ್‌ಗೆ ಒಂದು ಸ್ವಿಚ್ ಹಾಕಿ, ಈ ಆಟಕ್ಕೆ ಮಾತ್ರ ಮತ್ತೆ 5 ವೋಲ್ಟ್‌ಗೆ ಸೇರಿಸಿದರೆ ಸಾಲದಾ? ಅಥವಾ ಯುರೋಪ್ ಕಾರ್ಟ್ರಿಡ್ಜನ್ನೇ ಹುಡುಕಲಾ?

ಬೆಸುಗೆಕಡ್ಡಿ

ಚಿಪ್ ಅಸಲಿ. ಸ್ವಿಚ್ ಮಾತ್ರ ಸಾಲದು. 5 ವೋಲ್ಟ್ ಸಿಕ್ಕಾಗ ನಿಮ್ಮ ಕನ್ಸೋಲ್‌ನ ಲಾಕ್ ಚಿಪ್, ಎಫ್413, ಮತ್ತೆ ಬೀಗ ಆಗುತ್ತೆ ನಿಜ, ಆದರೆ ಅದು ಯುರೋಪಿನ ಬೀಗ. ಜಪಾನ್ ಎಸ್‌ಎ-1 ಬಳಿ ಇರೋದು 411 ಬಗೆಯ ಕೀಲಿ. ಎರಡೂ ಹೊಂದಲ್ಲ. ಆ ಸ್ವಿಚ್‌ನಿಂದ ಓಡೋದು ಕರ್ಬಿಸ್ ಫನ್ ಪಾಕ್‌ನಂಥ ಯುರೋಪ್ ಎಸ್‌ಎ-1 ಆಟಗಳು ಮಾತ್ರ. ಸ್ಲಾಟ್‌ನ ತುದಿ ಪಿನ್‌ಗಳು ಸರಿ ಇವೆಯಾ ಅಂತ ಪರೀಕ್ಷಿಸಲು ಅದು ಒಳ್ಳೆಯ ದಾರಿ, ಅಷ್ಟೆ.

ಸರಿಯಾದ ಪರಿಹಾರ ಸೂಪರ್‌ಸಿಐಸಿ. ಅದು ಪಿಐಸಿ16ಎಫ್630 ಮೈಕ್ರೊಕಂಟ್ರೋಲರ್ ಮೇಲೆ ಓಡುವ ಪ್ರೋಗ್ರಾಂ. ಎದುರಿಗಿರುವ ಕಾರ್ಟ್ರಿಡ್ಜ್ ಯಾವ ಪ್ರದೇಶದ್ದು ಅಂತ ನೋಡಿ ಅದಕ್ಕೆ ತಕ್ಕ ಬೀಗದಂತೆ ಉತ್ತರ ಕೊಡುತ್ತೆ.

ಎಫ್413 ತೆಗೆಯುವಾಗ ಒಂದೊಂದೇ ಕಾಲನ್ನು ಎಳೆಯಬೇಡಿ. ಎರಡೂ ಸಾಲಿಗೆ ಹೆಚ್ಚು ಸೋಲ್ಡರ್ ತುಂಬಿ, ಎರಡೂ ಬದಿ ಬಿಸಿ ಮಾಡಿ, ಚಿಪ್ ತಾನಾಗಿ ಸರಿದಾಗ ಎತ್ತಿ. ಬಲ ಹಾಕಿದರೆ ಬೋರ್ಡ್ ಮೇಲಿನ ತಾಮ್ರದ ಪ್ಯಾಡ್ ಕಿತ್ತುಬರುತ್ತೆ, ಕ್ಲಾಕ್ ತಂತಿಯದು ಕಿತ್ತರೆ ಮತ್ತೆ ಹುಡುಕೋದು ಕಷ್ಟ. ಉಳಿದ ಸೋಲ್ಡರ್ ಅನ್ನು ಬ್ರೇಡ್‌ನಿಂದ ಹೀರಿ. ಪಿಐಸಿಗೆ 5 ವೋಲ್ಟ್, ಗ್ರೌಂಡ್, ಕ್ಲಾಕ್, ಎರಡು ಡೇಟಾ ತಂತಿ, ರೀಸೆಟ್ ತಂತಿಗಳು ಬೇಕು. ನಿಮ್ಮ ಬೋರ್ಡ್ ಆವೃತ್ತಿಯ ನಕ್ಷೆಯನ್ನೇ ನೋಡಿ ಜೋಡಿಸಿ. ಪಿಐಸಿಯ 5 ವೋಲ್ಟ್ ಮತ್ತು ಗ್ರೌಂಡ್ ಮಧ್ಯೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ತಪ್ಪಿಸಬೇಡಿ, ಕ್ಲಾಕ್ ತಂತಿ ಆದಷ್ಟು ಗಿಡ್ಡ ಇರಲಿ.

ಎಡವೋದು ಇಲ್ಲಿ: ನಿಮ್ಮ ಹಳೆಯ 50/60 ಸ್ವಿಚ್ ಚಿತ್ರ ಮೂಡಿಸುವ ಎರಡು ಚಿಪ್‌ಗಳಿಗೆ, ಅಂದರೆ ಪಿಪಿಯು1ರ 24ನೇ ಪಿನ್ ಮತ್ತು ಪಿಪಿಯು2ರ 30ನೇ ಪಿನ್‌ಗೆ ಹೋಗಿರುತ್ತೆ. ಆ ಎರಡನ್ನೂ ಇನ್ನು ಪಿಐಸಿ ನಡೆಸಬೇಕು. ಸ್ವಿಚ್ಚನ್ನು ಬಿಚ್ಚದೆ ಹಾಗೇ ಬಿಟ್ಟರೆ ಒಂದೇ ತಂತಿಯನ್ನು ಪಿಐಸಿ ಒಂದು ಕಡೆ, ಸ್ವಿಚ್ ಇನ್ನೊಂದು ಕಡೆ ಎಳೆದು ಪಿಐಸಿಯ ಕಾಲೇ ಸುಡಬಹುದು. ಮೊದಲು ಸ್ವಿಚ್ ತೆಗೆದು, ಆ ತಂತಿಗಳು 5 ವೋಲ್ಟ್‌ಗೂ ಗ್ರೌಂಡ್‌ಗೂ ನೇರ ತಾಗಿಲ್ಲ ಅಂತ ಮಲ್ಟಿಮೀಟರ್‌ನಲ್ಲಿ ನೋಡಿಕೊಳ್ಳಿ.

ಸೋಲ್ಡರಿಂಗ್ ಬೇಡ ಅನ್ನಿಸಿದರೆ ಸೂಪರ್ ಫ್ಯಾಮಿಕಾಮ್ ಕನ್ಸೋಲೇ ತಗೊಳ್ಳಿ. ಆದರೆ ನಿಮ್ಮ ಯುರೋಪ್ ಅಡಾಪ್ಟರ್ ಅದಕ್ಕೆ ಚುಚ್ಚಲೇಬೇಡಿ, ಅದರಿಂದ ಬರೋದು 9 ವೋಲ್ಟ್ ಎಸಿ. ಸೂಪರ್ ಫ್ಯಾಮಿಕಾಮ್‌ಗೆ ಬೇಕಾದ್ದು 10 ವೋಲ್ಟ್ ಡಿಸಿ, 850 ಮಿಲಿಆಂಪ್, ನಡುವೆ ಋಣ. ಅದರ ಮೂಲ ಅಡಾಪ್ಟರ್ 100 ವೋಲ್ಟ್ ಮನೆವಿದ್ಯುತ್ತಿಗೆ ಮಾಡಿದ್ದು, 230ಕ್ಕೆ ಚುಚ್ಚಿದರೆ ಸುಡುತ್ತೆ. ಅಮೆರಿಕ ಮಾದರಿಯ ಕನ್ಸೋಲ್ ಕೂಡ ಆಗುತ್ತೆ, ಅದರ ಸಿಐಸಿ ಜಪಾನಿನದ್ದೇ ಬಗೆ. ಸ್ಲಾಟ್‌ನೊಳಗೆ ಅಡ್ಡ ಬರುವ ಎರಡು ಪ್ಲಾಸ್ಟಿಕ್ ಚಾಚುಗಳನ್ನು ಕತ್ತರಿಸಿದರೆ ಸಾಕು.

ನಾಲ್ಕುದಿಕ್ಕು

ಯುರೋಪ್ ಕಾರ್ಟ್ರಿಡ್ಜ್ ಬಗ್ಗೆ: ದಯವಿಟ್ಟು ಬೇಡ. 1997ರಲ್ಲಿ ಬಂದ ಆ ಆವೃತ್ತಿಯಲ್ಲಿ ಸ್ಟೋರಿ ಮೋಡನ್ನೇ ತೆಗೆದಿದ್ದಾರೆ. ಒಬ್ಬರೇ ಆಡುವವರಿಗೆ ಈ ಆಟದ ಅರ್ಧ ಜೀವ ಅದರಲ್ಲೇ ಇರೋದು. 50 ಹರ್ಟ್ಜ್‌ನಲ್ಲಿ ಆಡಿದರೆ ವೇಗವೂ ಕುಗ್ಗುತ್ತೆ, ಹೊಡೆತಗಳ ಬಿಗಿ ಹೋಗುತ್ತೆ.

ಓಡಲು ಶುರುವಾದ ಮೇಲೆ ಬುಟೋಡೆನ್ 2ರ ಅಭ್ಯಾಸವನ್ನು ಸ್ವಲ್ಪ ಮರೆಯಬೇಕು. ಅಲ್ಲಿ ಜೀವ ಬೇರೆ, ಕಿ (ಬೀಮ್ ಬಿಡಲು ಬೇಕಾದ ಶಕ್ತಿ) ಬೇರೆ. ಇಲ್ಲಿ ಎರಡೂ ಒಂದೇ ಸಂಖ್ಯೆ. ದೊಡ್ಡ ಬೀಮ್ ಬಿಟ್ಟರೆ ನಿಮ್ಮ ಜೀವವೇ ಕರಗುತ್ತೆ, ಎದುರಾಳಿ ತಡೆದರಂತೂ ನಷ್ಟ ನಿಮಗೇ. ಹಾಗಾಗಿ ಗುದ್ದು-ಒದೆತಗಳ ಸರಣಿ ತಾಗಿದ್ದು ಖಚಿತವಾದ ಮೇಲೆ ಬೀಮ್‌ಗೆ ಹೋಗಿ, ದೂರ ನಿಂತು ಸುಮ್ಮನೆ ಬಿಡಬೇಡಿ. ಪರದೆ ಎರಡಾಗಿ ಸೀಳುವ ವ್ಯವಸ್ಥೆಯೂ ಇಲ್ಲ. ಅದರ ಬದಲು ಜೋರು ಹೊಡೆತಕ್ಕೆ ಎದುರಾಳಿ ರಂಗದ ಇನ್ನೊಂದು ಹಂತಕ್ಕೆ ಹಾರಿಬೀಳ್ತಾನೆ, ಹೋರಾಟ ಅಲ್ಲಿ ಮುಂದುವರಿಯುತ್ತೆ. ಫ್ರೀಝಾ, ಸೆಲ್, ಬೂ ಸೇರಿ ಇರೋದು 10 ಜನ. ಮೊದಲು ಗೋಕು ಹಿಡಿದು, ಬೀಮ್ ಒಂದನ್ನೂ ಬಳಸದೆ ಕೈಕಾಲಿನ ಹೊಡೆತಗಳಿಂದಷ್ಟೇ ಒಂದು ಸುತ್ತು ಗೆಲ್ಲೋದನ್ನು ರೂಢಿ ಮಾಡಿಕೊಳ್ಳಿ.